ಕಮ್ಮಾರನ ಮೂರು ರೂಪ

ಬಹಳ ಹಿಂದೆ, ತಾಮ್ರಪುರಿ ಎಂಬ ರಾಜ್ಯದಲ್ಲಿ ಮೋನಪ್ಪನೆಂಬ ಕಮ್ಮಾರನಿದ್ದ. ಅವನ ಹೆಂಡತಿ ದೇವೀರವ್ವ. ಅವನು ಸುತ್ತಿಗೆ ಎತ್ತಿದರೆ ಅವಳು ಬೆಂಕಿಗೆ ಗಾಳಿಯೂದುವ ತಿದಿ ಒತ್ತುವಳು. ಕಾಳಮ್ಮದೇವಿಗೆ ಕೈಮುಗಿಯದೆ ಆ ಮನೆಯ ಕುಲುಮೆಗೆ ಬೆಂಕಿ ಬೀಳುತ್ತಿರಲಿಲ್ಲ.

ಒಂದು ದಿನ ವಿಕಟಮಾಯನೆಂಬ ಮಾಂತ್ರಿಕ ಬಂದು, "ನಿಮ್ಮ ರಾಜನ ಕಾಲಿಗೆ ಸಂಕೋಲೆ ಬಡಿದುಕೊಡು" ಎಂದ. ಮೋನಪ್ಪ ಒಪ್ಪಲಿಲ್ಲ. ಮಾಂತ್ರಿಕ ಅವನನ್ನು ಎತ್ತಿಕೊಂಡು ತನ್ನ ಕೋಟೆಗೆ ಹಾರಿದ. ದೇವೀರವ್ವ, ದಾರಿಯಲ್ಲಿ ದುಡಿದು ಉಣ್ಣಲು ಇರಲೆಂದು ತೊಗಲಿನ ತಿದಿಯನ್ನು ಹೆಗಲಿಗೇರಿಸಿ, ಏಳು ದಿನ ನಡೆದು ಕೋಟೆಯ ಬಾಗಿಲು ತಟ್ಟಿದಳು.

ಮಾಂತ್ರಿಕ ನಕ್ಕ. "ಮೂರು ದಿನ, ಮೂರು ರೂಪ. ನಿನ್ನ ಗಂಡ ಎಷ್ಟಿದ್ದಾನೆಂದು ಕೇಳುತ್ತೇನೆ. ಮೂರು ಸಲವೂ ಸರಿಯಾಗಿ ಹೇಳಿದರೆ ಕರಕೊಂಡು ಹೋಗು. ಒಂದು ತಪ್ಪಿದರೂ ಅವನು ಆ ರೂಪದಲ್ಲೇ ಇರಲಿ."

ಮೊದಲ ದಿನ ಮೋನಪ್ಪ ಕಲ್ಲಾದ. ಮಾಂತ್ರಿಕ ಆ ಕಲ್ಲನ್ನು ಗುಡಾಣದಲ್ಲಿಟ್ಟ, ಉದ್ದ ತೊಟ್ಟಿಯಲ್ಲಿಟ್ಟ, ನೆಲದ ಮೇಲಿಟ್ಟ. "ಎಷ್ಟಿದ್ದಾನೆ?"

ಕಬ್ಬಿಣದ ಸರಳು ಅಳೆಯುವಂತೆ ಅವಳು ಗೇಣು ಹಾಕಿದಳು. ಎಲ್ಲಿಟ್ಟರೂ ಅದೇ ಉದ್ದ, ಅದೇ ದಪ್ಪ. "ಏಳೂವರೆ ಗೇಣು. ಇವರು ಮಲಗಿದಾಗಲೂ ಇಷ್ಟೇ."

ಎರಡನೆಯ ದಿನ ಮೋನಪ್ಪ ನೀರಾದ. ಸಣ್ಣ ಬಾಯಿಯ ಉದ್ದ ಗಡಿಗೆಯಲ್ಲಿ ದೇವೀರವ್ವ ಗೇಣು ಹಾಕಿದಳು: ಆರು ಗೇಣು. ಮಾಂತ್ರಿಕ ಅದನ್ನೇ ಅಗಲ ಕೊಪ್ಪರಿಗೆಗೆ ಸುರಿದ. ಒಂದೇ ಗೇಣು! ಅವಳ ಜೀವ ಹಾರಿಹೋಯಿತು.

"ಯಾಕವ್ವಾ, ಗಂಡ ಕರಗಿದನೇ?" ಎಂದು ಮಾಂತ್ರಿಕ ಕುಣಿದ.

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. ಎಣ್ಣೆಯನ್ನು ಯಾರು ಗೇಣಿನಲ್ಲಿ ಅಳೆಯುತ್ತಾರೆ? ಅಳತೆಯ ಕೊಳಗ ಇಸಕೊಂಡು ತುಂಬಿ ಸುರಿದು ನೋಡಿದಳು. ಗಡಿಗೆಯಲ್ಲೂ ನಾಲ್ಕೇ, ಕೊಪ್ಪರಿಗೆಯಲ್ಲೂ ನಾಲ್ಕೇ. "ಆಕಾರ ಪಾತ್ರೆಯದು, ಅಳತೆ ಇವರದು. ನಾಲ್ಕು ಕೊಳಗ."

ಮೂರನೆಯ ದಿನ ಮೋನಪ್ಪ ನೀಲಿ ಹೊಗೆಯಾದ. ಮುಚ್ಚಿದ ಕೋಣೆಯ ಮೂಲೆಮೂಲೆಯನ್ನೂ ತುಂಬಿದ. ಮಾಂತ್ರಿಕ ಪಕ್ಕದ ಹಜಾರದ ಬಾಗಿಲು ತೆರೆದ. ಹೊಗೆ ಅದನ್ನೂ ತುಂಬಿತು. ಗೇಣಿಗೆ ಸಿಗದು, ಕೊಳಗಕ್ಕೆ ನಿಲ್ಲದು. ದೇವೀರವ್ವ ಮೈನವಿರೆದ್ದು ಸುತ್ತಲೂ ನೋಡಿದಳು. ಎತ್ತ ತಿರುಗಿದರೂ ತನ್ನ ಗಂಡನೇ!

"ಎಷ್ಟಿದ್ದಾನೆ?"

"ಇಟ್ಟ ಜಾಗದಷ್ಟು" ಎಂದಳು ಮೆಲ್ಲಗೆ.

"ಸುಳ್ಳು! ತೋರಿಸು!"

ಅವಳು ದೇವಿಯನ್ನು ನೆನೆದು ತಿದಿ ಎಳೆದಳು. ಕೋಣೆ, ಹಜಾರವೆಲ್ಲ ತಿಳಿಯಾಗಿ ಹೊಗೆ ತೊಗಲೊಳಗೆ ಬಂದು ಕೂತಿತು. ತಿದಿಯ ಬಾಯಿ ಕಟ್ಟಿ ಒತ್ತಿದಷ್ಟೂ ಹೊಗೆ ಕಿರಿದಾಯಿತು. "ಹಜಾರದಲ್ಲಿದ್ದವರೂ ಇವರೇ, ಇದರಲ್ಲಿ ಇರುವವರೂ ಇವರೇ. ಕಣದಷ್ಟೂ ಬಿಟ್ಟಿಲ್ಲ."

ಮಾಂತ್ರಿಕನಿಗೆ ಹೊಟ್ಟೆ ಉರಿಯಿತು. "ಒಬ್ಬ ಕಮ್ಮಾರ ಹಜಾರ ತುಂಬಿದನೇ? ನಾನು ಆಕಾಶವನ್ನೇ ತುಂಬುತ್ತೇನೆ, ನೋಡು!" ಎಂದು ಬಯಲಿಗೆ ಹಾರಿ ಕರಿಹೊಗೆಯಾದ.

ಆಕಾಶಕ್ಕೆ ಗೋಡೆಯುಂಟೇ? ಅವನು ಹರಡಿದ, ಇನ್ನೂ ಹರಡಿದ. ಕರಿಹೊಗೆ ಬೂದಿಬಣ್ಣವಾಯಿತು, ಬೂದಿಬಣ್ಣ ಬೆಳಕಾಯಿತು. "ಯಾರಾದರೂ ಹಿಡಿಯಿರೋ..." ಎಂಬ ಕೂಗೂ ಹರಡಿ ಇಲ್ಲವಾಯಿತು.

ದೇವೀರವ್ವ ತಿದಿ ಬಿಚ್ಚಿದಳು. ಮಂತ್ರ ಹಾಕಿದವನೇ ಇಲ್ಲದ ಮೇಲೆ ಮಂತ್ರವೆಲ್ಲಿ? ಮೋನಪ್ಪ ಕೆಮ್ಮುತ್ತ ಎದುರು ನಿಂತ.

"ಏನೇ, ನಾನು ಎಲ್ಲ ಮೂಲೆಯಲ್ಲೂ ಒಟ್ಟಿಗೇ ಇದ್ದೆ" ಎಂದ. "ದೇವರು ಇರುವುದೂ ಹೀಗೆಯೇ ಇರಬೇಕು."

ಇಬ್ಬರೂ ಬರಿಯ ಗಾಳಿಗೆ ಕೈಮುಗಿದು ಊರ ದಾರಿ ಹಿಡಿದರು. ತಾಮ್ರಪುರಿಯಲ್ಲಿ ಆಮೇಲೆ ರಾಜನೂ ಪ್ರಜೆಯೂ ಸುಖವಾಗಿದ್ದರು. ಕೇಳಿದ ನಿಮಗೂ ಹಾಗೆಯೇ ಆಗಲಿ.