ಹುಲ್ಲಿನ ಮೇಲೆ ಕೂರಬೇಕಿದ್ದ ಹಕ್ಕಿ

ನಮ್ಮ ಸ್ಕಾಟ್ಲೆಂಡಿನ ಗುಡ್ಡಬಯಲಿನಲ್ಲಿ ಒಂದು ನಂಬಿಕೆಯಿದೆ. ವಸಂತಕ್ಕೆ ಕಡಲು ದಾಟಿ ಬರುವ ಬಿಳಿಸೊಂಟದ ಹಕ್ಕಿಯನ್ನು ಮೊದಲ ಸಲ ಹುಲ್ಲಿನ ಮೇಲೆ ಕಂಡರೆ ಮನೆಗೆ ಕ್ಷೇಮ, ಕಲ್ಲಿನ ಮೇಲೆ ಕಂಡರೆ ಸಾವು. ಆ ವರ್ಷ ನನ್ನ ಹೆಂಡತಿ ಎಫಿ ಜ್ವರದಲ್ಲಿ ಬೇಯುತ್ತಿದ್ದಳು, ವೈದ್ಯರು ಕೈಚೆಲ್ಲಿದ್ದರು. ನಾನು ದೇವರ ಹೆಸರು ಹೇಳುತ್ತ, ಹಕ್ಕಿ ಇಳಿಯುವ ಬಯಲಿನ ಕಲ್ಲುಗಳನ್ನೆಲ್ಲ ಹೊತ್ತು ಕೆಸರುಮಡುವಿಗೆ ಹಾಕಿದೆ.

"ಏ ಕ್ಯಾಲಮ್, ದೇವರಿಟ್ಟ ಕಲ್ಲನ್ನ ಎತ್ತಿ ದೇವರಿಗೇ ಟೋಪಿ ಹಾಕ್ತೀಯೇನೋ?" ಎಂದು ನೆರೆಯ ಕುರಿಗಾಹಿ ಡೂಗಲ್ ನಕ್ಕ.

"ಅವಳು ಉಳೀಲಿ. ಆಮೇಲೆ ಅವನೇ ನನ್ನ ವಿಚಾರಿಸ್ಕೊಳ್ಲಿ" ಎಂದೆ.

ಮರುದಿನ ಬೆಳಗ್ಗೆ ಹಕ್ಕಿ ಬಂದಿತ್ತು. ಬಯಲಿನ ನಡುವೆ, ನಿನ್ನೆ ಅಲ್ಲಿರದ ಒಂದೇ ಒಂದು ಕಲ್ಲು. ಅದರ ಮೇಲೆಯೇ ಕೂತಿತ್ತು. ನಾನು ಕೂಗುತ್ತ ಓಡಿದೆ, ಹಕ್ಕಿ ಹಾರಿತು. ಹಿಮ ಬಿದ್ದ ಹುಲ್ಲಿನಲ್ಲಿ ಆ ಕಲ್ಲು ಎಫಿಯ ಹಣೆಯಷ್ಟೇ ಸುಡುತ್ತಿತ್ತು. ಎತ್ತಿದರೆ, ಅಡಿಯ ಹುಲ್ಲು ವರ್ಷಗಟ್ಟಲೆ ಬಿಸಿಲು ಕಾಣದಂತೆ ಬಿಳಿಚಿತ್ತು. ಎದೆಗವಚಿಕೊಂಡು ಒಯ್ದು ಮಡುವಿನ ಕಪ್ಪು ನೀರಿನಲ್ಲಿ ಮುಳುಗಿಸಿದೆ.

ಮನೆಗೆ ಬಂದಾಗ ಎಫಿ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಜ್ವರ ಬಿಟ್ಟಿತ್ತು.

"ಹಸಿವಾಗ್ತಿದೆ, ಗಂಜಿ ಕಾಯ್ಸಿ ಕೊಡ್ತೀಯಾ?" ಎಂದಳು. ಅವಳ ಕೂದಲಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

ಎಫಿ ಈಗಲೂ ಭಾನುವಾರದ ಪ್ರಾರ್ಥನೆಗೆ ನನ್ನ ಪಕ್ಕದಲ್ಲೇ ಕೂರುತ್ತಾಳೆ. ದಿನಾ ಬೆಂಕಿಯ ಮುಂದೆ ಕೂರಿಸಿಕೊಂಡು ತಲೆ ಒರೆಸುತ್ತೇನೆ. ಆ ಕೂದಲು ಇನ್ನೂ ಒಣಗಿಲ್ಲ.