ಹಳೇ ನಂಬರ್ ನೋಡಿದ್ರಾ?

"ಕೈ ಬಿಡ್ರೀ!"

ಹರಾಜಿನ ಹಾಲಿನಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು.

ಆದರೆ ಅವಳು ಕಿರುಚುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬೆಲೆ ಕೂಗಲು ಎತ್ತಿದ ಕೈಯನ್ನು ಪಕ್ಕದಲ್ಲಿದ್ದ ಕನ್ನಡಕದವನು ಹಿಡಿದು ಕೆಳಗೆಳೆದಿದ್ದ. ಅಷ್ಟರಲ್ಲಿ "ಮೂರನೇ ಸಲ!" ಎಂದು ಸುತ್ತಿಗೆ ಬಿತ್ತು. ಬ್ಯಾಂಕು ಜಪ್ತಿ ಮಾಡಿ ಮಾರಾಟಕ್ಕಿಟ್ಟಿದ್ದ ಆ ಪುಟ್ಟ ಮನೆ ಒಬ್ಬ ದಲ್ಲಾಳಿಯ ಪಾಲಾಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ!

ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಅವಳು ಹನ್ನೊಂದು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಿಸಿದ್ದಳು. ಹೊಲಿಗೆ ಮಿಷನ್ ಸದ್ದು ಜಾಸ್ತಿ, ಖಾಲಿ ಮಾಡು. ಮಗನ ಮದುವೆ ಇದೆ, ಖಾಲಿ ಮಾಡು. 'ಹೊರಡು' ಎಂದು ಯಾರೂ ಹೇಳಲಾಗದ ಒಂದು ಸೂರು... ಅವಳು ಕೇಳಿದ್ದು ಅಷ್ಟೇ.

"ಯಾರ್ರೀ ನೀವು? ನನ್ನ ಕೈ ಮುಟ್ಟೋಕೆ ಎಷ್ಟು ಧೈರ್ಯ!"

"ಮೇಡಂ, ಹಳೇ ನಂಬರ್ ನೋಡಿದ್ರಾ?"

"ಏನು?"

"ಆ ಮನೆಯ ಹಳೇ ನಂಬರ್ರು..."

ಅವನ ಮಾತು ಮುಗಿಯುವ ಮೊದಲೇ ಬ್ಯಾಂಕಿನ ಅಧಿಕಾರಿ ಬಂದು ಅವನನ್ನು ಹೊರಗೆ ಕರೆದೊಯ್ದ. ಬಾಗಿಲಲ್ಲಿ ದಲ್ಲಾಳಿ ಅವನ ಬೆನ್ನು ತಟ್ಟಿ ನಕ್ಕ. "ದೊಡ್ಡ ಉಪಕಾರ ಆಯ್ತಪ್ಪ!"

ಓಹೋ... ಇಬ್ಬರೂ ಸೇರಿ ಆಡಿದ ಆಟವಾ ಇದು! ಅವಳ ಮೈಯೆಲ್ಲ ಉರಿದುಹೋಯಿತು.

ಆ ಉರಿ ಮೂರು ದಿನವಾದರೂ ಆರಲಿಲ್ಲ. ಸಿಟ್ಟಿನಲ್ಲಿ ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡತೋಳು ಕತ್ತರಿಸಿಟ್ಟಳು.

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೇ?" ಎಂದರು ಅಮ್ಮ.

"ಇದು ತೋಳಮ್ಮ, ಮೂಗಲ್ಲ!" ಎಂದು ಸಿಡುಕಿ, ನಾಲ್ಕನೆಯ ದಿನ ನೋಂದಣಿ ಕಚೇರಿಗೆ ಹೋದಳು. ಅವನ ಮೇಲೆ ದೂರು ಕೊಡಬೇಕು, ಅದಕ್ಕೆ ಮನೆಯ ಕಾಗದಪತ್ರ ಬೇಕಿತ್ತು. ಹಟಕ್ಕೆ ಬಿದ್ದು ಆ ಮನೆಯ ಹಳೆಯ ನಂಬರಿನ ಮೇಲೂ, ಆಸ್ತಿಯ ಮೇಲೆ ಯಾರ ಸಾಲ, ಯಾರ ಹಕ್ಕು ಇದೆ ಎಂದು ತೋರಿಸುವ ಋಣಭಾರ ಪತ್ರ ಕೇಳಿದಳು.

ಗುಮಾಸ್ತರು ತಲೆಯೆತ್ತಿ ನೋಡಿದರು. "ಹಳೇ ನಂಬರಾ? ಬೀದಿಯ ನಂಬರೆಲ್ಲ ಬದಲಾಗಿ ಇಪ್ಪತ್ತು ವರ್ಷ ಆಯ್ತಮ್ಮ. ಎಲ್ಲರೂ ಹೊಸ ನಂಬರ್ ಹಾಕ್ತಾರೆ, 'ಯಾವ ಭಾರವೂ ಇಲ್ಲ' ಅಂತ ಬರುತ್ತೆ, ಕುಣ್ಕೊಂಡು ಹೋಗ್ತಾರೆ. ಎರಡೂ ಹಾಕಿ ಹುಡುಕೋನು ಒಬ್ಬನೇ, ನಮ್ಮ ಭೂತಕನ್ನಡಿ."

"ಯಾರದು?"

"ಬ್ಯಾಂಕಿಗೆ ಮನೆ ಪತ್ರ ಪರಿಶೀಲಿಸ್ತಿದ್ದ ಹುಡುಗ. ದಪ್ಪ ಕನ್ನಡಕ. ಹರಾಜಲ್ಲಿ ಯಾರೋ ಹೆಣ್ಣುಮಗಳನ್ನ ತಡೆದ ಅಂತ ಕೆಲಸ ಕಿತ್ಕೊಂಡ್ರಂತೆ, ಪಾಪ."

ಗುಮಾಸ್ತರು ಕೊಟ್ಟ ಪತ್ರವನ್ನು ಅವಳು ಅಲ್ಲೇ ನಿಂತು ಓದಿದಳು. ಹಳೆಯ ನಂಬರಿನಡಿ ಒಂದೇ ಒಂದು ಸಾಲು ಇತ್ತು. ಮನೆ ಕಟ್ಟಿಸಿದಾತ ಹಿಂದಿನ ಕೋಣೆಯನ್ನು ತನ್ನ ತಂಗಿಗೆ, ಆಕೆ ಬದುಕಿರುವವರೆಗೆ ವಾಸಕ್ಕೆ ಬರೆದುಕೊಟ್ಟಿದ್ದ. ಯಾರು ಕೊಂಡರೂ ಆಕೆಯನ್ನು ಬಿಡಿಸುವಂತಿಲ್ಲ.

ಮನೆ ನೋಡಲು ಹೋದ ದಿನ ಬೀಗ ಬಿದ್ದಿದ್ದ ಕೋಣೆ! ಹಳೆ ಸಾಮಾನು ಇರಬಹುದು ಅಂದುಕೊಂಡಿದ್ದೆನಲ್ಲ... ಛೆ!

ಅವನ ಬಾಡಿಗೆ ಕೋಣೆಯ ವಿಳಾಸ ಕೇಳಿಕೊಂಡು ಬಿರಬಿರನೆ ನಡೆದಳು. ಸಿಟ್ಟು ಇಳಿದಿರಲಿಲ್ಲ, ಆದರೆ ಈಗ ಅದರ ಅರ್ಧ ತನ್ನ ಮೇಲೆಯೇ ಇತ್ತು.

"ಬಾಯಿ ಇರ್ಲಿಲ್ವಾ ನಿಮಗೆ?" ಬಾಗಿಲಲ್ಲೇ ಕೂಗಿದಳು. "ಮೊದಲೇ ಹೇಳೋಕೇನಾಗಿತ್ತು?"

ಪುಸ್ತಕಗಳನ್ನು ಗಂಟು ಕಟ್ಟುತ್ತಿದ್ದ ಅವನು ಎದ್ದು ನಿಂತ. "ಕೊಳ್ಳೋರ ಹತ್ರ ಮಾತಾಡಬಾರದು ಅಂತ ಕಟ್ಟುಪಾಡು. ಹಿಂದಿನ ಕೋಣೆಯ ಅಜ್ಜಿ ವಿಷಯ ವರದೀಲಿ ಬರೆದಿದ್ದೆ, ಬ್ಯಾಂಕಿನವರು ಮುಚ್ಚಿಟ್ರು. ನೀವು ಕೈ ಎತ್ತಿದಾಗ... ತಡೆಯೋಕಾಗ್ಲಿಲ್ಲ."

"ಹಾಲ್ ತುಂಬ ಜನ ಇದ್ರು! ನನ್ನನ್ನೇ ಯಾಕೆ?"

"ಮನೆ ನೋಡೋ ದಿನ ಎಲ್ಲರೂ ಗೋಡೆ ತಟ್ಟಿ ನೋಡಿದ್ರು. ನೀವೊಬ್ಬರೇ ಕೊರಳಲ್ಲಿದ್ದ ಟೇಪ್ ತೆಗೆದು ಕಿಟಕಿ ಅಳೆದ್ರಿ. ಮಿಷನ್ ಇಲ್ಲಿಡ್ತೀನಿ ಅಂತ ನಿಮ್ಮಷ್ಟಕ್ಕೆ ನಗ್ತಿದ್ರಿ." ಅವನ ದನಿ ತಗ್ಗಿತು. "ಆವತ್ತಿಂದ ನೀವು ನನ್ನ ಕಣ್ಮುಂದೆಯೇ ಇದ್ದೀರಿ. ನಿಮಗೆ ಯಾರಾದ್ರೂ ಮೋಸ ಮಾಡೋದು ನನ್ನಿಂದ ನೋಡೋಕಾಗಲ್ಲ."

ಬೈಯಲು ಬಂದವಳ ಕಣ್ಣು ತುಂಬಿತು. ಎಷ್ಟು ಕೆಟ್ಟ ಮನುಷ್ಯ... ಇಷ್ಟು ಒಳ್ಳೆಯವನಾಗಿರಬೇಕಾ!

"ಆ ದಲ್ಲಾಳಿ?" ಕಣ್ಣೊರೆಸಿಕೊಂಡು ಕೇಳಿದಳು.

"ಕಣ್ಣಿನ ಆಪರೇಷನ್ ಮುಗಿಸ್ಕೊಂಡು ಅಜ್ಜಿ ವಾಪಸ್ ಬಂದ್ರು. ಅವರನ್ನ ನೋಡಿದ್ದೇ ತಡ, ದಲ್ಲಾಳಿ ಕಟ್ಟಿದ್ದ ಮುಂಗಡವನ್ನೂ ಬಿಟ್ಟು ಓಡಿಹೋದ. ಮನೆ ಮತ್ತೆ ಹರಾಜಿಗೆ ಬರುತ್ತೆ."

"ಹಾಗಾದ್ರೆ ನಾನೇ ಕೊಳ್ತೀನಿ."

"ಅಜ್ಜಿ ಹೋಗಲ್ಲರೀ!"

"ಹೋಗಿ ಅಂತ ಯಾರು ಹೇಳಿದ್ರು?" ಅವಳ ದನಿ ಮತ್ತೆ ಏರಿತು. "ಹನ್ನೊಂದು ವರ್ಷ 'ಖಾಲಿ ಮಾಡು' ಅಂತ ಕೇಳಿದ ಕಿವಿ ಇದು. ಆ ಮಾತು ನನ್ನ ಬಾಯಲ್ಲಿ ಬರುತ್ತಾ? ಅಜ್ಜಿ ಇರಲಿ. ಮಿಷನ್ ಸದ್ದಿಗೆ ಅವರು ಬೈದ್ರೆ ಬೈಸ್ಕೋತೀನಿ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿದ್ದು ಬರೀ ಗಾಜನ್ನಲ್ಲ.

"ಸರಿ. ಈ ಸಲ ನಾನು ಪಕ್ಕದಲ್ಲೇ ಕೂತಿರ್ತೀನಿ. ಕೈ ಮುಟ್ಟಲ್ಲ, ಆಣೆ."

"ಮುಟ್ಟಿ," ಎಂದಳು ಅವಳು, ಇನ್ನೂ ಸಿಡುಕುತ್ತಲೇ. "ಕೆಳಗೆ ಎಳೀಬೇಡಿ, ಅಷ್ಟೇ."