ಕ್ಯಾರಿಯರ್ ತೆಗೆದ ಸೈಕಲ್

ಅಪ್ಪನ ಹಳೇ ಸ್ಟೀಲ್ ಸೈಕಲ್ಲನ್ನ ನಾನೇ ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಹೊಡೆದೆ. ಹಗುರಾಗಲಿ ಅಂತ ಹಿಂದಿನ ಕ್ಯಾರಿಯರ್ ತೆಗೆದು ಕೊಟ್ಟಿಗೆಯಲ್ಲಿ ನೇತುಹಾಕಿದೆ. ತೀರಿಹೋದ ಅವ್ವ ಕೂರ್ತಿದ್ದುದು ಅದರ ಮೇಲೆ. ದಿಣ್ಣೆ ಬಂದರೆ ಅಪ್ಪನಿಗೆ ಕಷ್ಟ ಅಂತ ಇಳಿದು ನಡೆಯೋಳು, ತುದಿ ಮುಟ್ಟಿದ ಮೇಲೆ ಮತ್ತೆ ಹತ್ತೋಳು.

ಭಾನುವಾರ ಬೆಳಿಗ್ಗೆ ಕೂಟಗಲ್ ಕಡೆ ಹೊರಟೆ. ಸಮ ರಸ್ತೆಯಲ್ಲೂ ಪೆಡಲ್ ಭಾರ. ದಿಣ್ಣೆ ಶುರುವಾದಾಗ ಸೈಕಲ್ ಒಮ್ಮೆಗೇ ಹಗುರಾಯಿತು. ಪಕ್ಕದಲ್ಲೇ ಬಳೆ ಸದ್ದು ನಡೆದು ಬಂತು. ತುದಿಯಲ್ಲಿ ಯಾಕೋ ಕಾಲೂರಿ ನಿಂತೆ. ಹಿಂದಿನ ಟೈರು ಮೆಲ್ಲಗೆ ಅಮುಕಿಕೊಂಡಿತು.

ಮನೆಗೆ ಬಂದು ನಾನಿನ್ನೂ ಏನೂ ಹೇಳಿರಲಿಲ್ಲ. ಅಪ್ಪ ಕೇಳಿದ, "ದಿಣ್ಣೆ ಮೇಲೆ ಒಸಿ ನಿಂತ್ಕಂಡ್ಯೇನವ್ವ?"

"ನಿಂತೆ ಕಣಪ್ಪ."

ಕೊಟ್ಟಿಗೆಗೆ ಹೋಗಿ ಕ್ಯಾರಿಯರ್ ಮುಟ್ಟಿದೆ. ಬಿಸಿಲು ಬೀಳದ ಜಾಗ. ಆದರೂ, ಯಾರೋ ಈಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು.